‘ಇಲ್ಲ’ ಎಂಬ ಉತ್ತರ



ರಕ್ತದ ಗುಂಪುಗಳ ಪಾಠ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಎ, ಬಿ, ಎಬಿ, ಒ ಎಂಬ ನಾಲ್ಕು ಗುಂಪುಗಳು. ಪಕ್ಕದಲ್ಲಿ ಆರ್‌ಎಚ್‌ನ ಪಾಸಿಟಿವ್ ಅಥವಾ ನೆಗೆಟಿವ್. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಆರಂಭಿಸಿ, ಕಪ್ಪುಹಲಗೆಯ ಮೇಲೆ ಯಾರು ಯಾರಿಗೆ ರಕ್ತ ಕೊಡಬಹುದು ಎಂಬ ಪಟ್ಟಿಯನ್ನು ಬರೆದರೆ ಪಾಠ ಮುಗಿಯುತ್ತಿತ್ತು. ಪ್ರೌಢಶಾಲೆಯ ಮಟ್ಟಕ್ಕೆ ಅಷ್ಟು ಸಾಕು. ಆದರೆ ಕೆಂಪು ರಕ್ತಕಣದ ಹೊರಮೈ ಅಷ್ಟಕ್ಕೇ ನಿಲ್ಲುವಂಥದಲ್ಲ. ಇಂದು ವಿಜ್ಞಾನಿಗಳು ಒಪ್ಪಿರುವ ರಕ್ತಗುಂಪು ವ್ಯವಸ್ಥೆಗಳ ಸಂಖ್ಯೆ ನಲವತ್ತನ್ನು ದಾಟಿದೆ. ಅವುಗಳಲ್ಲಿ ಒಂದರ ಕಥೆಯನ್ನು ಈ ಸಲ ಬರೆಯಬೇಕೆನಿಸಿದೆ. ಅದರ ಹೆಸರು ‘ಡಫಿ’. ಡಫಿ ಎಂಬುದು ರಕ್ತಕಣದ ಮೇಲಿರುವ ಒಂದು ಗ್ರಾಹಕ ಪ್ರೋಟೀನು. ಅದನ್ನು ಪತ್ತೆಮಾಡಲು ಪ್ರಯೋಗಾಲಯದಲ್ಲಿ ಬಳಸುವ ಪ್ರತಿಕಾಯಗಳ ಚರಿತ್ರೆಯೇ ಈ ಬರಹದ ವಸ್ತು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಈ ಹೆಸರು ಕೇಳಿಬಂದಾಗಿನಿಂದ ಇದನ್ನು ಕುರಿತು ಓದುತ್ತಾ ಬಂದಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಪ್ರತಿಕಾಯವೆಂದರೆ ಏನೆಂಬುದನ್ನು ನೆನಪಿಸಿಕೊಳ್ಳೋಣ. ದೇಹಕ್ಕೆ ಅಪರಿಚಿತವಾದ ವಸ್ತು ಒಳಹೊಕ್ಕಾಗ, ಅದನ್ನು ಗುರುತಿಸಿ ಹಿಡಿಯಲು ದೇಹವೇ ತಯಾರಿಸುವ ಪ್ರೋಟೀನು ಪ್ರತಿಕಾಯ. ಅದು ಒಂದು ನಿರ್ದಿಷ್ಟ ಆಕಾರಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ಉಳಿದುದನ್ನು ಮುಟ್ಟುವುದಿಲ್ಲ. ಈ ಗುಣದಿಂದಾಗಿಯೇ ಅದು ಪ್ರಯೋಗಾಲಯದ ಸಾಧನವಾಯಿತು. ಮೇಷ್ಟರು ಹಾಜರಿ ಪುಸ್ತಕ ಹಿಡಿದು ಒಂದು ಹೆಸರನ್ನು ಕೂಗಿದ ಹಾಗೆ, ಪ್ರತಿಕಾಯವು ಲಕ್ಷಾಂತರ ಕಣಗಳ ನಡುವೆ ಒಂದೇ ಹೆಸರನ್ನು ಕೂಗುತ್ತದೆ. ಆ ಹೆಸರಿನವನು ಇದ್ದರೆ ಓಗೊಡುತ್ತಾನೆ, ಇಲ್ಲದಿದ್ದರೆ ಮೌನ. ಆ ಮೌನಕ್ಕೆ ಏನರ್ಥ ಎಂಬುದನ್ನು ತಿಳಿಯಲು ವಿಜ್ಞಾನಕ್ಕೆ ಸುಮಾರು ಅರ್ಧ ಶತಮಾನವೇ ಬೇಕಾಯಿತು.

ಡಫಿಯನ್ನು ಕೂಗುವ ಮೊದಲ ಪ್ರತಿಕಾಯವನ್ನು ಯಾರೂ ಉದ್ದೇಶಪಟ್ಟು ತಯಾರಿಸಲಿಲ್ಲ. ಅದು ದೊರೆತದ್ದು ಇಂಗ್ಲೆಂಡಿನಲ್ಲಿ, ಡಫಿ ಎಂಬ ಒಬ್ಬ ರೋಗಿಯ ರಕ್ತದಲ್ಲಿ. ಆತನಿಗೆ ಕುಸುಮರೋಗವಿತ್ತು, ಗಾಯವಾದರೆ ರಕ್ತ ಹೆಪ್ಪುಗಟ್ಟದೆ ಸೋರುವ ಕಾಯಿಲೆ. ಹೀಗಾಗಿ ಹಲವು ಬಾರಿ ಬೇರೆಯವರ ರಕ್ತವನ್ನು ಪಡೆದಿದ್ದ. ಪಡೆದ ರಕ್ತದಲ್ಲಿದ್ದ, ತನ್ನಲ್ಲಿಲ್ಲದ ಯಾವುದೋ ಒಂದು ಗುರುತಿನ ವಿರುದ್ಧ ಆತನ ದೇಹ ಪ್ರತಿಕಾಯವನ್ನು ತಯಾರಿಸಿಕೊಂಡಿತ್ತು. ಆಗ ತಿಳಿದಿದ್ದ ಯಾವ ಗುಂಪಿಗೂ ಅದು ಹೊಂದಲಿಲ್ಲ. ಮೇರಿ ಕಟ್‌ಬುಷ್, ಪ್ಯಾಟ್ರಿಕ್ ಮಾಲಿಸನ್ ಮತ್ತು ಡೊರೊಥಿ ಪಾರ್ಕಿನ್ ಇದನ್ನು 1950ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೊಸ ರಕ್ತಗುಂಪೆಂದು ಪ್ರಕಟಿಸಿದರು. ರೋಗಿಯ ಹೆಸರಿನ ಕೊನೆಯ ಎರಡು ಇಂಗ್ಲಿಷ್ ಅಕ್ಷರಗಳಾದ ಎಫ್ ಮತ್ತು ವೈ ಆ ಗುಂಪಿನ ಸಂಕೇತವಾದವು. ಗುರುತಿಗೆ ‘ಎಫ್‌ವೈ-ಎ’ ಎಂದು ಹೆಸರಾಯಿತು. ಸಾಮಾನ್ಯವಾಗಿ ವಿಜ್ಞಾನದಲ್ಲಿ ಕಂಡುಹಿಡಿದವರ ಹೆಸರು ಉಳಿಯುತ್ತದೆ. ಇಲ್ಲಿ ರೋಗಿಯ ಹೆಸರು ಉಳಿಯಿತು. ಅದು ಸರಿಯಾದದ್ದೇ. ಆ ಪ್ರತಿಕಾಯ ಆತನ ದೇಹದ ಕೃತಿ.

ಈ ಶೋಧ ಕೆಲವು ವರ್ಷ ಮೊದಲು ಆಗುವುದು ಕಷ್ಟವಿತ್ತು. ಕಾರಣ ಸ್ವಾರಸ್ಯಕರವಾಗಿದೆ. ಎ ಮತ್ತು ಬಿ ಗುಂಪುಗಳ ಪ್ರತಿಕಾಯಗಳು ಗಾತ್ರದಲ್ಲಿ ದೊಡ್ಡವು. ಒಂದೇ ಪ್ರತಿಕಾಯ ಹಲವು ರಕ್ತಕಣಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಆದ್ದರಿಂದ ಗಾಜಿನ ಪಟ್ಟಿಯ ಮೇಲೆ ರಕ್ತ ಮುದ್ದೆಯಾಗುವುದು ಬರಿಗಣ್ಣಿಗೇ ಕಾಣುತ್ತದೆ. ಡಫಿಯ ಪ್ರತಿಕಾಯ ಚಿಕ್ಕದು. ಅದು ಕಣಕ್ಕೆ ಅಂಟಿಕೊಂಡರೂ ಪಕ್ಕದ ಕಣವನ್ನು ತಲುಪುವಷ್ಟು ಉದ್ದದ ತೋಳು ಅದಕ್ಕಿಲ್ಲ. ಅಂಟಿದೆ, ಆದರೆ ಕಾಣುವುದಿಲ್ಲ. 1945ರಲ್ಲಿ ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್, ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ರಕ್ತಕಣಗಳನ್ನು ಪ್ರತಿಕಾಯದೊಡನೆ ದೇಹದ ಉಷ್ಣತೆಯಲ್ಲಿಟ್ಟು, ಅಂಟದೆ ಉಳಿದುದೆಲ್ಲ ಹೋಗುವಂತೆ ಚೆನ್ನಾಗಿ ತೊಳೆದು, ಮನುಷ್ಯನ ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯವನ್ನು ಸೇರಿಸುವುದು. ಈ ಎರಡನೆಯದು ಸೇತುವೆಯಾಗಿ ನಿಂತು ಕಣಗಳನ್ನು ಒಂದುಗೂಡಿಸುತ್ತದೆ. ಇಂದಿಗೂ ರಕ್ತನಿಧಿಗಳಲ್ಲಿ ನಡೆಯುವ ‘ಕೂಂಬ್ಸ್ ಪರೀಕ್ಷೆ’ ಇದೇ. ಸರಿಯಾಗಿ ತೊಳೆಯದಿದ್ದರೆ ಉತ್ತರ ಕೆಡುತ್ತದೆ. ಆ ಕೆಲಸ ಮಾಡುವ ತಂತ್ರಜ್ಞರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

1951ರಲ್ಲಿ ಇದರ ಜೋಡಿಯಾದ ‘ಎಫ್‌ವೈ-ಬಿ’ ಗುರುತಿನ ಪ್ರತಿಕಾಯವೂ ದೊರೆಯಿತು. ಎ ಮತ್ತು ಬಿ ಗುರುತುಗಳ ನಡುವಿನ ವ್ಯತ್ಯಾಸ ಎಷ್ಟು ಸಣ್ಣದೆಂಬುದು ಬಹಳ ಕಾಲದ ನಂತರ ತಿಳಿಯಿತು. ಆ ಪ್ರೋಟೀನಿನ 42ನೆಯ ಸ್ಥಾನದಲ್ಲಿ ಗ್ಲೈಸಿನ್ ಇದ್ದರೆ ಎ, ಆಸ್ಪಾರ್ಟಿಕ್ ಆಮ್ಲವಿದ್ದರೆ ಬಿ. ಮುನ್ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು ಮಣಿ ಬೇರೆ. ಆ ಒಂದು ಮಣಿಯನ್ನು ಪ್ರತಿಕಾಯ ಗುರುತಿಸುತ್ತದೆ. ರೋಗಿಯ ದೇಹವೂ ಗುರುತಿಸಿ ಯುದ್ಧಕ್ಕೆ ನಿಲ್ಲುತ್ತದೆ.

ಯೂರೋಪಿನವರಲ್ಲಿ ಪರೀಕ್ಷೆ ಮಾಡಿದಾಗ ಬಹುಮಟ್ಟಿಗೆ ಎಲ್ಲರಲ್ಲಿಯೂ ಎ ಅಥವಾ ಬಿ, ಇಲ್ಲವೇ ಎರಡೂ ಕಂಡುಬಂದವು. ಆದರೆ 1955ರಲ್ಲಿ ರೂತ್ ಸ್ಯಾಂಗರ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಆಫ್ರಿಕನ್ ಮೂಲದವರ ರಕ್ತವನ್ನು ಪರೀಕ್ಷಿಸಿದಾಗ ಸುಮಾರು ಮೂವರಲ್ಲಿ ಇಬ್ಬರು ಎರಡೂ ಪ್ರತಿಕಾಯಗಳಿಗೆ ಓಗೊಡಲಿಲ್ಲ. ಎ ಇಲ್ಲ, ಬಿ ಇಲ್ಲ. ಪಶ್ಚಿಮ ಆಫ್ರಿಕಾದಲ್ಲಿಯಂತೂ ಬಹುತೇಕ ಎಲ್ಲರದೂ ಇದೇ ಬಗೆ ಎಂದು ಮುಂದೆ ತಿಳಿದುಬಂತು. ಒಂದು ಇಡೀ ಭೂಭಾಗದ ಜನರಲ್ಲಿ ಈ ಗುರುತು ಏಕೆ ಅಳಿಸಿಹೋಯಿತು? ಎರಡು ದಶಕಗಳ ಕಾಲ ಇದಕ್ಕೆ ಉತ್ತರವಿರಲಿಲ್ಲ.

ನಡುವೆ ಒಂದು ಉಪಕಥೆಯಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ರೋಜರ್ ಡೊನಾಹ್ಯೂ ಸೂಕ್ಷ್ಮದರ್ಶಕದಡಿ ತನ್ನದೇ ವರ್ಣತಂತುಗಳನ್ನು ನೋಡುತ್ತಿದ್ದಾಗ, ಒಂದನೆಯ ವರ್ಣತಂತುವಿನ ಒಂದು ಭಾಗ ಸುರುಳಿ ಬಿಚ್ಚಿಕೊಂಡಂತಿರುವುದನ್ನು ಗಮನಿಸಿದ. ಆತ ತನ್ನ ಬಂಧುಬಳಗದವರನ್ನೆಲ್ಲ ಪರೀಕ್ಷಿಸಿದ. ಆ ಲಕ್ಷಣವೂ ಡಫಿ ಗುಂಪೂ ಮನೆತನದಲ್ಲಿ ಜೊತೆಜೊತೆಯಾಗಿ ಇಳಿದುಬರುತ್ತಿದ್ದವು. ಹೀಗೆ 1968ರಲ್ಲಿ ಡಫಿಯ ವಂಶವಾಹಿ ಒಂದನೆಯ ವರ್ಣತಂತುವಿನಲ್ಲಿದೆಯೆಂದು ತಿಳಿಯಿತು. ಲಿಂಗ ವರ್ಣತಂತುಗಳನ್ನು ಬಿಟ್ಟರೆ, ಮನುಷ್ಯನ ಒಂದು ವಂಶವಾಹಿಗೆ ಇಂಥದೇ ವರ್ಣತಂತುವಿನಲ್ಲಿ ಮನೆ ಗೊತ್ತುಮಾಡಿದ್ದು ಅದೇ ಮೊದಲು. ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರು ಒಂದಿಷ್ಟು ರಕ್ತ ಕೊಟ್ಟರೆ ವಿಜ್ಞಾನಕ್ಕೆ ಎಷ್ಟು ಉಪಕಾರವಾಗಬಲ್ಲದು ನೋಡಿ!

ಈಗ ಉತ್ತರವಿಲ್ಲದ ಆ ಪ್ರಶ್ನೆಗೆ ಬರೋಣ. ಆಫ್ರಿಕನ್ ಮೂಲದ ಅನೇಕರಿಗೆ ವೈವಾಕ್ಸ್ ಜಾತಿಯ ಮಲೇರಿಯಾ ತಗಲುವುದಿಲ್ಲವೆಂಬುದು 1930ರ ದಶಕದಿಂದಲೇ ವೈದ್ಯರಿಗೆ ತಿಳಿದಿತ್ತು. ಕಾರಣ ಗೊತ್ತಿರಲಿಲ್ಲ. 1975ರಲ್ಲಿ ಲೂಯಿಸ್ ಮಿಲ್ಲರ್ ಮತ್ತು ಸಂಗಡಿಗರು ಕೋತಿಗಳ ಮಲೇರಿಯಾ ಪರೋಪಜೀವಿಯಾದ ನೋಲೆಸಿಯನ್ನು ಮನುಷ್ಯನ ರಕ್ತಕಣಗಳೊಡನೆ ಇಟ್ಟು ನೋಡಿದರು. ಡಫಿ ಇದ್ದ ಕಣಗಳೊಳಗೆ ಅದು ನುಗ್ಗಿತು; ಡಫಿ ಇಲ್ಲದ ಕಣಗಳೊಳಗೆ ನುಗ್ಗಲಾರದೆ ಹೋಯಿತು. ಡಫಿ ಇದ್ದ ಕಣಗಳಿಗೂ ಮೊದಲೇ ಎಫ್‌ವೈ-ಎ ಪ್ರತಿಕಾಯವನ್ನು ಹಚ್ಚಿಟ್ಟರೆ ಅದರ ಪ್ರವೇಶ ಬಹಳ ಕಡಿಮೆಯಾಯಿತು. ಮರುವರ್ಷ, ಈ ಮೊದಲೇ ವೈವಾಕ್ಸ್ ಸೋಂಕಿನ ಸೊಳ್ಳೆಗಳಿಂದ ಕಚ್ಚಿಸಿಕೊಂಡಿದ್ದ 17 ಮಂದಿ ಸ್ವಯಂಸೇವಕರ ರಕ್ತಗುಂಪನ್ನು ಅವರು ಪರೀಕ್ಷಿಸಿದರು. ಸೋಂಕು ತಗಲದೆ ಉಳಿದವರು ಐವರು ಮಾತ್ರ. ಆ ಐವರೂ ಡಫಿ ಇಲ್ಲದವರು.

ಅಂದರೆ ಡಫಿ ಎಂಬುದು ಬಾಗಿಲು. ವೈವಾಕ್ಸ್ ಆ ಬಾಗಿಲಿನಿಂದ ಒಳಗೆ ಬರುತ್ತದೆ. ಪ್ರತಿಕಾಯ ಕೂಗಿದಾಗ ಬಂದ ಮೌನವು ಕೊರತೆಯ ಗುರುತಾಗಿರಲಿಲ್ಲ, ತಲೆತಲಾಂತರದಿಂದ ಬಂದ ರಕ್ಷೆಯ ಗುರುತಾಗಿತ್ತು.

ಇಲ್ಲಿಯವರೆಗೆ ಪ್ರಯೋಗಾಲಯದ ಪ್ರತಿಕಾಯಗಳೆಲ್ಲ ಡಫಿಯಂಥ ರೋಗಿಗಳ ರಕ್ತಸಾರದಿಂದಲೇ ಬರಬೇಕಿತ್ತು. ಸೀಸೆ ಬರಿದಾದರೆ ಮುಗಿಯಿತು. ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಈ ಪರಿಸ್ಥಿತಿಯನ್ನೇ ಬದಲಿಸಿದರು. ಇಲಿಯ ಗುಲ್ಮದಿಂದ ಪ್ರತಿಕಾಯ ತಯಾರಿಸುವ ಜೀವಕೋಶವನ್ನು ತೆಗೆದು, ಸಾವಿಲ್ಲದೆ ವೃದ್ಧಿಸುವ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಹೀಗೆ ಹುಟ್ಟಿದ ಕೋಶ ಒಂದೇ ಬಗೆಯ ಪ್ರತಿಕಾಯವನ್ನು ಎಂದೆಂದಿಗೂ ತಯಾರಿಸುತ್ತಿರುತ್ತದೆ. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಇದೇ ವಿಧಾನದಿಂದ ನ್ಯೂಯಾರ್ಕ್ ರಕ್ತ ಕೇಂದ್ರದ ವಿಜ್ಞಾನಿಗಳು ತಯಾರಿಸಿದ ‘ಎಫ್‌ವೈ-6’ ಎಂಬ ಪ್ರತಿಕಾಯದ ವಿವರ 1987ರಲ್ಲಿ ಪ್ರಕಟವಾಯಿತು. ಇದು ಎ ಅಥವಾ ಬಿ ಎಂಬ ಭೇದವನ್ನು ಕೇಳುವುದಿಲ್ಲ. ಎರಡರಲ್ಲಿಯೂ ಸಮಾನವಾಗಿರುವ ಭಾಗವನ್ನು ಹಿಡಿಯುತ್ತದೆ. ಹಳೆಯ ಪ್ರತಿಕಾಯಗಳು ‘ಬಾಗಿಲಿನ ಬಣ್ಣ ಯಾವುದು?’ ಎಂದು ಕೇಳಿದರೆ, ಇದು ‘ಬಾಗಿಲು ಇದೆಯೇ?’ ಎಂದು ಕೇಳುತ್ತದೆ. ಇದನ್ನೇ ಗಾಳದಂತೆ ಬಳಸಿ ಅಶೋಕ್ ಚೌಧುರಿ ಮತ್ತು ಸಂಗಡಿಗರು ಡಫಿ ಪ್ರೋಟೀನನ್ನು ಶುದ್ಧರೂಪದಲ್ಲಿ ಪಡೆದರು. 1993ರಲ್ಲಿ ಅದರ ವಂಶವಾಹಿಯೂ ಕೈಗೆ ಸಿಕ್ಕಿತು.

ಅದೇ 1993ರಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ದೊರೆಯಿತು. ಪರೋಪಜೀವಿಗೆ ಬಾಗಿಲಾಗಲೆಂದು ದೇಹ ಈ ಪ್ರೋಟೀನನ್ನು ಇಟ್ಟುಕೊಂಡಿರಲಾರದಲ್ಲವೇ? ಅದರ ಸ್ವಂತ ಕೆಲಸವೇನು? ರಿಚರ್ಡ್ ಹೊರುಕ್, ಚೇತನ್ ಚಿಟ್ನಿಸ್, ಮಿಲ್ಲರ್ ಮೊದಲಾದವರು ತೋರಿಸಿದಂತೆ ಡಫಿ ಒಂದು ಗ್ರಾಹಕ. ಗಾಯವಾದಾಗ, ಉರಿಯೂತವಾದಾಗ ಬಿಳಿ ರಕ್ತಕಣಗಳನ್ನು ಕರೆಯಲು ದೇಹ ಹೊರಡಿಸುವ ಕೀಮೋಕೈನ್ ಎಂಬ ಸಂದೇಶದ ಅಣುಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಸಂದೇಶಗಳ ಅಂಚೆಪೆಟ್ಟಿಗೆಯನ್ನು ಮಲೇರಿಯಾದ ಪರೋಪಜೀವಿ ಕಳ್ಳಬಾಗಿಲು ಮಾಡಿಕೊಂಡಿತ್ತು.

ಹಾಗಿದ್ದರೆ ಡಫಿ ಇಲ್ಲದವರಿಗೆ ಈ ಅಂಚೆಪೆಟ್ಟಿಗೆಯೇ ಇಲ್ಲವೇ? ಅವರು ಆರೋಗ್ಯವಾಗಿದ್ದಾರಲ್ಲ! ಇಲ್ಲಿ ನನ್ನ ಹಾಜರಿ ಪುಸ್ತಕದ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ತರಗತಿಯಲ್ಲಿ ‘ಗೈರು’ ಎಂದು ಬರೆದ ಮಾತ್ರಕ್ಕೆ ಹುಡುಗ ಊರಿನಲ್ಲೇ ಇಲ್ಲವೆಂದು ಅರ್ಥವೇ? ಆಟದ ಮೈದಾನದಲ್ಲಿರಬಹುದು. ಡಫಿ ಇಲ್ಲದವರ ರಕ್ತನಾಳಗಳ ಒಳಪದರವನ್ನು ಇದೇ ಎಫ್‌ವೈ-6 ಪ್ರತಿಕಾಯದಿಂದ ಪರೀಕ್ಷಿಸಿದ ವಿಜ್ಞಾನಿಗಳು, ಅಲ್ಲಿ ಡಫಿ ಪ್ರೋಟೀನು ಎಂದಿನಂತೆ ಇರುವುದನ್ನು 1995ರಲ್ಲಿ ಪ್ರಕಟಿಸಿದರು. ಅದೇ ವರ್ಷ ಫ್ರಾನ್ಸಿನ ಕ್ರಿಸ್ಟೋಫ್ ಟೂರ್ನಮೀಲ್ ಮತ್ತು ಸಂಗಡಿಗರು ಕಾರಣವನ್ನೂ ಕಂಡುಹಿಡಿದರು. ವಂಶವಾಹಿಯ ಮುಂಭಾಗದಲ್ಲಿ, ಅದನ್ನು ಚಾಲೂ ಮಾಡುವ ಗುಂಡಿಯಿರುವ ಜಾಗದಲ್ಲಿ, ಟಿ ಎಂಬ ಒಂದು ಅಕ್ಷರ ಸಿ ಎಂದಾಗಿದೆ. ಆ ಗುಂಡಿಯನ್ನು ಒತ್ತುವುದು ಕೆಂಪುಕಣಗಳಾಗುವ ಕೋಶಗಳಲ್ಲಿ ಮಾತ್ರ. ಆದ್ದರಿಂದ ಡಫಿ ಕೆಂಪುಕಣದಲ್ಲಿ ಮಾತ್ರ ಇಲ್ಲ, ಉಳಿದೆಡೆ ಇದೆ. ವಂಶವಾಹಿ ಕೆಟ್ಟಿಲ್ಲ, ಒಂದು ಕೋಣೆಯ ದೀಪವನ್ನಷ್ಟೇ ಆರಿಸಲಾಗಿದೆ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಇದರ ಫಲ ಆಸ್ಪತ್ರೆಯಲ್ಲಿ ಕಾಣುತ್ತದೆ. ಹೀಗೆ ಡಫಿ ಇಲ್ಲದ ಆಫ್ರಿಕನ್ ಮೂಲದ ರೋಗಿಗಳಿಗೆ ಎಫ್‌ವೈ-ಬಿ ಇರುವ ರಕ್ತವನ್ನು ಕೊಟ್ಟರೂ ಅವರ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುವುದಿಲ್ಲ, ಏಕೆಂದರೆ ಅವರ ರಕ್ತನಾಳಗಳಲ್ಲಿ ಎಫ್‌ವೈ-ಬಿ ಮೊದಲಿನಿಂದಲೂ ಇದೆ. ದೇಹಕ್ಕೆ ಅದು ಅಪರಿಚಿತವಲ್ಲ. ಇನ್ನೊಂದು ಫಲ ಇದಕ್ಕಿಂತ ಗಂಭೀರವಾದದ್ದು. ಡಫಿ ಇಲ್ಲದವರ ರಕ್ತದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ಎಣಿಕೆ ಸಹಜವಾಗಿಯೇ ಕಡಿಮೆ. ಡೇವಿಡ್ ರೈಕ್ ಮತ್ತು ಸಂಗಡಿಗರು 2009ರಲ್ಲಿ ಇದಕ್ಕೂ ಡಫಿಯ ಈ ಒಂದಕ್ಷರದ ಬದಲಾವಣೆಗೂ ಇರುವ ಸಂಬಂಧವನ್ನು ತೋರಿಸಿದರು. ಅವರಿಗೆ ಅದರಿಂದ ತೊಂದರೆಯಿಲ್ಲ. ಆದರೆ ‘ಸಾಮಾನ್ಯ’ವೆಂಬ ಅಳತೆಗೋಲನ್ನು ಬಹುಮಟ್ಟಿಗೆ ಯೂರೋಪ್ ಮೂಲದವರ ರಕ್ತದಿಂದ ಗೊತ್ತುಮಾಡಿದ್ದರಿಂದ, ಆರೋಗ್ಯವಂತರಾದ ಇವರಿಗೆ ‘ಕಡಿಮೆ’ ಎಂಬ ಹಣೆಪಟ್ಟಿ ಬಿತ್ತು. ಕ್ಯಾನ್ಸರ್ ಇದ್ದವರಿಗೆ ಔಷಧದ ಪ್ರಮಾಣವನ್ನು ಇಳಿಸಿದ, ಚಿಕಿತ್ಸೆಯನ್ನು ಮುಂದೂಡಿದ ಸಂದರ್ಭಗಳೂ ಉಂಟು. ಯಾರನ್ನು ನೋಡಿ ಅಳತೆಗೋಲನ್ನು ಮಾಡಿದರು ಎಂದು ಕೇಳದೆ ಅಳೆದರೆ ಹೀಗಾಗುತ್ತದೆ.

ಈ ‘ಇಲ್ಲ’ಕ್ಕೆ ಇನ್ನೊಂದು ಮಿತಿಯೂ ಇದೆ. ಡಫಿ ಇಲ್ಲದವರಿಗೆ ವೈವಾಕ್ಸ್ ತಗಲುವುದೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. ಮಡಗಾಸ್ಕರಿನಲ್ಲಿ ಅಂಥವರಿಗೂ ವೈವಾಕ್ಸ್ ಜ್ವರ ಬಂದಿರುವುದನ್ನು 2010ರಲ್ಲಿ ವಿಜ್ಞಾನಿಗಳು ಖಚಿತಪಡಿಸಿದರು. ಪರೋಪಜೀವಿಯೂ ಸುಮ್ಮನೆ ಕುಳಿತಿಲ್ಲ.

ನಮ್ಮ ಕಡೆಯ ಮಾತೇ ಬೇರೆ. ಭಾರತದಲ್ಲಿ ಹೆಚ್ಚಿನವರ ಕೆಂಪುಕಣಗಳಲ್ಲಿ ಡಫಿ ಇದೆ, ಬಾಗಿಲು ತೆರೆದೇ ಇದೆ. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಿದ್ದಂತೆ ಮಲೇರಿಯಾ ಹೇಗೆ ಹಬ್ಬಿತೆಂಬುದು ಕರಾವಳಿಯ ನಮ್ಮ ಬಂಧುಗಳಿಗೆ ಚೆನ್ನಾಗಿ ಗೊತ್ತು. ಅದರಲ್ಲಿ ಹೆಚ್ಚಿನ ಪಾಲು ವೈವಾಕ್ಸಿನದೇ. ಆ ಬಾಗಿಲಿನ ಚಿಲಕಕ್ಕೆ ಕೈಹಾಕುವ ಪರೋಪಜೀವಿಯ ಪ್ರೋಟೀನನ್ನೇ ಗುರಿಯಾಗಿಸಿಕೊಂಡ ಲಸಿಕೆಗಾಗಿ ಚೇತನ್ ಚಿಟ್ನಿಸ್ ದೆಹಲಿಯ ಪ್ರಯೋಗಾಲಯದಲ್ಲಿ ಹಲವು ವರ್ಷ ಶ್ರಮಿಸಿದರು. ಆಕ್ಸ್‌ಫರ್ಡ್‌ನಲ್ಲಿ ಸ್ವಯಂಸೇವಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಲಸಿಕೆ ರಕ್ತದಲ್ಲಿ ಪರೋಪಜೀವಿಯ ಬೆಳವಣಿಗೆಯನ್ನು ನಿಧಾನಗೊಳಿಸಿತು. ಅದು ಪೂರ್ಣ ಗೆಲುವಲ್ಲ, ಆದರೆ ದಾರಿ ಕಾಣುತ್ತಿದೆ.

ಇನ್ನು ನಾನು ಹೇಳುತ್ತೇನೆಂದ ಸಂಗತಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗನಿಗೆ ಹುಟ್ಟಿನಿಂದ ಥಲಸ್ಸೀಮಿಯಾ. ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಲೇಬೇಕು. ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಸಲ ಅವನದೇ ಗುಂಪಿನ ರಕ್ತ ಹೊಂದಲಿಲ್ಲ. ಎರಡನೆಯ ಚೀಲವೂ ಹೊಂದಲಿಲ್ಲ, ಮೂರನೆಯದೂ ಇಲ್ಲ. ಪರೀಕ್ಷಿಸಿದಾಗ ಅವನ ದೇಹ ಎಫ್‌ವೈ-ಎ ವಿರುದ್ಧ ಪ್ರತಿಕಾಯ ತಯಾರಿಸಿಕೊಂಡಿದ್ದುದು ತಿಳಿಯಿತು. 1950ರ ಆ ಇಂಗ್ಲೆಂಡಿನ ರೋಗಿಗೆ ಆದದ್ದೇ ನಮ್ಮ ಹುಡುಗನಿಗೂ ಆಗಿತ್ತು. ನಮ್ಮ ಜನರಲ್ಲಿ ಎಫ್‌ವೈ-ಎ ಇರುವವರೇ ಹೆಚ್ಚು; ಇಲ್ಲದವರನ್ನು ಹುಡುಕಬೇಕು. ಹಿಮೋಗ್ಲೋಬಿನ್ ದಿನೇ ದಿನೇ ಇಳಿಯುತ್ತಿತ್ತು. ತಂದೆ ನನಗೆ ಫೋನ್ ಮಾಡಿ, “ಸಾರ್, ನನ್ನ ರಕ್ತವೂ ಆಗಲಿಲ್ಲ, ಇವಳದೂ ಆಗಲಿಲ್ಲ” ಎಂದು ಸುಮ್ಮನಾದ.

ಅವನ ಸಹಪಾಠಿಗಳ ಫೋನ್ ಸಂಖ್ಯೆಗಳು ನನ್ನ ಬಳಿ ಇದ್ದವು. ಸಂಜೆಯವರೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮರುದಿನ ಹನ್ನೊಂದು ಮಂದಿ ಬಂದರು. ಒಬ್ಬ ಅಂಗಡಿ ಮುಚ್ಚಿ ಬಂದಿದ್ದ, ಒಬ್ಬ ರಾತ್ರಿಪಾಳಿ ಮುಗಿಸಿ ನೇರವಾಗಿ ಬಸ್ಸು ಹತ್ತಿದ್ದ. ತೋಳಿನಿಂದ ಒಂದೊಂದು ನಳಿಕೆ ರಕ್ತ ತೆಗೆದು ಎಫ್‌ವೈ-ಎ ಪ್ರತಿಕಾಯದೊಡನೆ ಪರೀಕ್ಷೆಗಿಟ್ಟರು. ಸಾಮಾನ್ಯವಾಗಿ ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವವರು ‘ಇದೆ’ ಎಂಬ ಮಾತಿಗೆ ಕಾಯುತ್ತಾರೆ. ಅಂದು ಆ ಬೆಂಚಿನ ಮೇಲೆ ಕುಳಿತ ನಾವೆಲ್ಲರೂ ‘ಇಲ್ಲ’ ಎಂಬ ಮಾತಿಗಾಗಿ ಕಾದೆವು. ಒಂಬತ್ತು ಮಂದಿಯಲ್ಲಿ ಇತ್ತು. ಇಬ್ಬರಲ್ಲಿ ಇಲ್ಲ. ಆ ಇಬ್ಬರಲ್ಲಿ ಒಬ್ಬನ ಎಬಿಒ ಗುಂಪು ಹೊಂದಲಿಲ್ಲ, ಇನ್ನೊಬ್ಬನದು ಹೊಂದಿತು. ತಂತ್ರಜ್ಞೆ ಹೊರಗೆ ಬಂದು, “ಇವರದ್ದು ನೆಗೆಟಿವ್” ಎಂದಾಗ ಅಂಗಡಿಯ ಹುಡುಗ ಗಾಬರಿಯಾಗಿ, “ಸಾರ್, ನನಗೇನಾದರೂ ಕಡಿಮೆ ಇದೆಯೇ?” ಎಂದು ಕೇಳಿದ. “ಇಲ್ಲಪ್ಪಾ, ಅದು ನಿನ್ನಲ್ಲಿ ಇಲ್ಲದ್ದರಿಂದಲೇ ಇವತ್ತು ಆ ಮಗುವಿಗೆ ರಕ್ತ ಸಿಕ್ಕಿತು” ಎಂದೆ. ಎಲ್ಲ ಪರೀಕ್ಷೆಗಳೂ ಮುಗಿದು ಸಂಜೆ ರಕ್ತ ಏರಿಸಲು ಆರಂಭಿಸಿದರು.

ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಅವನಿಗೆ ರಕ್ತ ಕೊಡಬಲ್ಲವರ ಪಟ್ಟಿಯಲ್ಲಿ ಈಗ ಏಳು ಹೆಸರುಗಳಿವೆ. ಆರೂ ಹೊಸ ಹೆಸರುಗಳು ಆ ಹನ್ನೊಂದು ಮಂದಿ ತಮ್ಮ ತಮ್ಮ ಊರುಗಳಲ್ಲಿ ಹುಡುಕಿ ಸೇರಿಸಿದವು.

ಇದನ್ನು ಓದುತ್ತಿರುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಆರೋಗ್ಯವಂತರಾಗಿರುವವರು ವರ್ಷಕ್ಕೆ ಎರಡು ಬಾರಿಯಾದರೂ ರಕ್ತ ಕೊಡಿ. ಎಬಿಒ, ಆರ್‌ಎಚ್ ಅಲ್ಲದೆ ಡಫಿ, ಕಿಡ್, ಕೆಲ್ ಮೊದಲಾದ ಗುಂಪುಗಳನ್ನೂ ಪರೀಕ್ಷಿಸುವ ವ್ಯವಸ್ಥೆಯಿರುವ ರಕ್ತನಿಧಿಗೆ ಹೋದರೆ, ನಿಮ್ಮ ರಕ್ತವನ್ನು ಹಾಗೆ ಪರೀಕ್ಷಿಸಿ ವಿವರ ದಾಖಲಿಸಿಕೊಳ್ಳುವಂತೆ ಕೇಳಿ. ಮನೆಯಲ್ಲಿ ಪದೇ ಪದೇ ರಕ್ತ ಪಡೆಯುವ ಮಗುವಿದ್ದರೆ, ಮೊದಲ ಸಲ ರಕ್ತ ಕೊಡಿಸುವ ಮುನ್ನವೇ ಈ ಗುಂಪುಗಳ ಪರೀಕ್ಷೆಯನ್ನು ಕುರಿತು ವೈದ್ಯರೊಡನೆ ಮಾತಾಡಿ. ಬೇರೆಯವರ ರಕ್ತ ಸೇರಿದ ಮೇಲೆ ಮಗುವಿನ ಸ್ವಂತ ಗುರುತುಗಳನ್ನು ಈ ಪರೀಕ್ಷೆಯಿಂದ ಬೇರ್ಪಡಿಸಿ ತಿಳಿಯುವುದು ಕಷ್ಟ.

ಎಂದಾದರೂ ನಿಮ್ಮ ಕೈಗೆ ಬರುವ ವರದಿಯಲ್ಲಿ ‘ನೆಗೆಟಿವ್’ ಎಂಬ ಪದವಿದ್ದರೆ, ಗಾಬರಿಯಾಗುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿ. ಕೂಗಿದ ಹೆಸರು ಯಾವುದು? ಕೂಗಿದ್ದು ಯಾವ ಕೋಣೆಯಲ್ಲಿ? ಉತ್ತರದ ಅರ್ಥ ಅದರ ಮೇಲೆ ನಿಂತಿದೆ.

ನಿಮ್ಮೆಲ್ಲರ ಕ್ಷೇಮವನ್ನು ಹಾರೈಸುವ,
ನಿಮ್ಮ ಮೇಷ್ಟ್ರು